ಪರೀಕ್ಷೆ ಮುಗಿದ ಮೇಲೂ ಮುಚ್ಚದ ಕ್ಯಾಮೆರಾ

ಆ ಹುಡುಗಿ ನನ್ನ ಕೋಣೆಯ ಬಾಗಿಲಿಗೆ ಬಂದದ್ದು ಎರಡನೇ ಟೆಸ್ಟ್ ಮುಗಿದ ಮರುದಿನ. ನಾನು ಹೊಸಬರ ಲಾಗಿನ್ ತಯಾರಿಸುತ್ತ ಕೂತಿದ್ದೆ. ಪರದೆಯಿಂದ ಕಣ್ಣು ತೆಗೆಯದೆಯೇ “ಏನವಾ?” ಎಂದೆ.

“ಮೇಡಂ, ಟೆಸ್ಟ್ ಮುಗದ ಮ್ಯಾಲೂ ಕ್ಯಾಮೆರಾ ನೋಡತಿರತೈತೇನ್ರಿ?”

“ಇಲ್ಲ. ಯಾಕ?”

“ಫೋನಿನ ಮ್ಯಾಲ, ಮೂಲ್ಯಾಗ, ಒಂದು ಹಸರ ಚುಕ್ಕಿ ಬರಾಕತ್ತೈತ್ರಿ. ನಿನ್ನಿಯಿಂದ ಹೋಗವಲ್ದು.”

“ಆ ಚುಕ್ಕಿ ಎಲ್ಲಾರ ಫೋನಿನ್ಯಾಗೂ ಬರತೈತಿ ಬಿಡ. ಆಪ್ ಮುಚ್ಚಿಬಿಡು, ಹೋಗತೈತಿ.”

“ಮುಚ್ಚೇನ್ರಿ ಮೇಡಂ.”

ನಾನು ಮತ್ತೆ ಟೈಪ್ ಮಾಡತೊಡಗಿದೆ. ಅವಳು ಇನ್ನೊಂದು ಗಳಿಗೆ ನಿಂತಳು, “ಆತ್ರಿ” ಎಂದಳು, ಹೋದಳು. ಎಲ್ಲ ಸೇರಿ ಒಂದು ನಿಮಿಷದ ಮಾತು. ಆ ಒಂದು ನಿಮಿಷವನ್ನು ಮುಂದೆ ನಾನು ಪೊಲೀಸರ ಎದುರು ಬರೆದುಕೊಡಬೇಕಾಗಿ ಬಂದಾಗ ಎರಡು ಪುಟ ಬೇಕಾದವು.

ನಮ್ಮದು ಬಾಗಲಕೋಟೆ ಸೀಮೆಯ ಒಂದು ಪದವಿ ಕಾಲೇಜು. ಹೆಸರು ಬೇಡ. ಅಲ್ಲಿಯ ಕಂಪ್ಯೂಟರು, ವೈಫೈ, ಆನ್‌ಲೈನ್ ಪಾಠದ ತಾಣ, ಎಲ್ಲದರ ಉಸ್ತುವಾರಿ ನನ್ನದು. ಗುಳೇದಗುಡ್ಡ, ಬೇವೂರು, ಐಹೊಳೆ ಕಡೆಯ ಮಕ್ಕಳು ಬಸ್ಸು ಹಿಡಿದು ಬರುತ್ತಾರೆ. ಬಸ್ಸು ತಡವಾದರೆ ಮೊದಲ ತರಗತಿ ಹೋದಂತೆಯೇ. ಕಿರುಪರೀಕ್ಷೆಗಳಿಗೂ ತರಗತಿಯ ಸಮಯ ಹೋಗಬಾರದೆಂದು ಆ ವರ್ಷ ಅವನ್ನು ಮನೆಯಿಂದಲೇ, ಬೆಳಿಗ್ಗೆ ಏಳಕ್ಕೆ, ಫೋನಿನಲ್ಲಿ ನಡೆಸುವುದೆಂದು ತೀರ್ಮಾನವಾಯಿತು. ಅದಕ್ಕೊಂದು ಆಪ್ ತರಿಸಿದರು. ಮಕ್ಕಳು ನಕಲು ಮಾಡದಂತೆ ಫೋನಿನ ಮುಂದಿನ ಕ್ಯಾಮೆರಾ ಅರ್ಧ ನಿಮಿಷಕ್ಕೊಂದು ಚಿತ್ರ ತೆಗೆದು ನಮ್ಮ ಸರ್ವರಿಗೆ ಕಳಿಸುತ್ತಿತ್ತು. ಆ ಸರ್ವರನ್ನು ಗ್ರಂಥಾಲಯದ ಪಕ್ಕದ, ಹಿಂದೆ ಆಟದ ಸಾಮಾನು ಇಡುತ್ತಿದ್ದ ಕೋಣೆಯಲ್ಲಿ ಕೂಡಿಸಿದವಳು ನಾನು. ನನ್ನ ಮೇಜೂ ಅಲ್ಲೇ.

ಇನ್ನೊಂದು ಕೆಲಸವನ್ನೂ ನಾನೇ ಮಾಡಿದೆ. ಚಿತ್ರಗಳನ್ನು ಪರಿಶೀಲಿಸಲು ಪ್ರತಿ ಅಧ್ಯಾಪಕರಿಗೂ ಬೇರೆ ಬೇರೆ ಪಾಸ್‌ವರ್ಡ್ ಕೊಡಬೇಕಿತ್ತು. ಮೊದಲ ಟೆಸ್ಟಿನ ದಿನ ಏಳಕ್ಕೆ ಮುಂಚೆಯೇ ಒಬ್ಬರಾದ ಮೇಲೊಬ್ಬರು ಫೋನು ಮಾಡಿ “ಮೇಡಂ, ಪಾಸ್‌ವರ್ಡ್ ಮರತೇನ್ರಿ” ಎಂದರು. ಬೇಸತ್ತು ಎಲ್ಲರಿಗೂ ಸೇರಿ ‘ಮೇಲ್ವಿಚಾರಕ’ ಎಂಬ ಒಂದೇ ಖಾತೆ ಮಾಡಿ, ಅದರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಸ್ಟಾಫ್ ರೂಮಿನ ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ. ಆಮೇಲೆ ಫೋನುಗಳು ನಿಂತವು. ಎಲ್ಲರೂ ಹೊಗಳಿದರು.

ಎರಡನೇ ಟೆಸ್ಟಿನ ದಿನ ಹಳ್ಳಿಗಳ ಕಡೆ ನೆಟ್ ಹೋಗಿಬಂದು ಮಾಡಿತು. ಕೆಲವರ ಉತ್ತರ ಪೂರ್ತಿ ತಲುಪಲಿಲ್ಲ. ಅವರಿಗೆ ಮತ್ತೊಮ್ಮೆ ಟೆಸ್ಟ್ ಕೊಟ್ಟರಾಯಿತು ಎಂದುಕೊಂಡು ಸುಮ್ಮನಾದೆವು.

ಹದಿಮೂರು ದಿನಗಳ ನಂತರ, ಒಂದು ಸೋಮವಾರ, ಸರ್ವರಿನ ಡಿಸ್ಕ್ ತುಂಬುತ್ತ ಬಂದಿದೆ ಎಂಬ ಎಚ್ಚರಿಕೆ ನನ್ನ ಪರದೆಯ ಮೇಲೆ ಬಂತು. ಲೆಕ್ಕ ಹಾಕಿಯೇ ತರಿಸಿದ ಡಿಸ್ಕ್ ಅದು. ಎಷ್ಟು ವಿದ್ಯಾರ್ಥಿಗಳು, ಎಷ್ಟು ನಿಮಿಷದ ಟೆಸ್ಟ್, ಒಂದು ಚಿತ್ರಕ್ಕೆ ಎಷ್ಟು ಜಾಗ ಎಂದು ಕೂಡಿಸಿ ಗುಣಿಸಿ, ವರ್ಷಪೂರ್ತಿ ಸಾಕಾಗಬೇಕೆಂದು ನಿಶ್ಚಯಿಸಿದ್ದೆ. ಎರಡು ಟೆಸ್ಟಿಗೇ ತುಂಬಲು ಸಾಧ್ಯವಿರಲಿಲ್ಲ. ಏನೋ ಒಂದೇ ಫೈಲು ಮತ್ತೆ ಮತ್ತೆ ನಕಲಾಗುತ್ತಿರಬೇಕು ಎಂದುಕೊಂಡು ಫೋಲ್ಡರುಗಳನ್ನು ಗಾತ್ರದ ಪ್ರಕಾರ ಜೋಡಿಸಿದೆ. ಬಹುಪಾಲು ವಿದ್ಯಾರ್ಥಿಗಳದ್ದು ನೂರೆಂಬತ್ತು ಚಿತ್ರಗಳ ಆಸುಪಾಸು. ನಲವತ್ತೊಂದು ಜನರದ್ದು ಮಾತ್ರ ಸಾವಿರಗಟ್ಟಲೆ.

ಒಂದು ಫೋಲ್ಡರ್ ತೆರೆದೆ. ಟೆಸ್ಟ್ ಮುಗಿಯುವ ಏಳೂಮುಕ್ಕಾಲರವರೆಗೆ ಹುಡುಗನೊಬ್ಬನ ಮುಖ. ಅದರ ನಂತರದ ಚಿತ್ರದಲ್ಲಿ ಮಾಳಿಗೆಯ ತೊಲೆ. ಮತ್ತೆ ತೊಲೆ. ಹತ್ತು ಗಂಟೆಗೆ ಒಂದು ಕೋಳಿ, ಬಹಳ ಹತ್ತಿರದಿಂದ. ಮಧ್ಯಾಹ್ನ ಯಾರದೋ ಮೊಣಕೈ. ಸಂಜೆ, ಫೋನು ಗೋಡೆಗೆ ಆನಿಸಿಟ್ಟಿರಬೇಕು, ಇಡೀ ಪಡಸಾಲೆ: ಹಾಸಿದ ಚಾಪೆ, ಅದರ ಮೇಲೆ ಮಲಗಿದ ಗಂಡಸು, ಒಲೆಯ ಕಡೆ ಬೆನ್ನುಮಾಡಿ ಕೂತ ಹೆಂಗಸು. ಮರುದಿನ ಹೀಗೆಯೇ. ಅದರ ಮರುದಿನವೂ. ಮುಂದಿನ ಫೋಲ್ಡರ್ ತೆರೆದೆ, ಅದರ ಮುಂದಿನದನ್ನೂ.

ಎದ್ದು ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿದೆ. ಕಾರಿಡಾರಿನಲ್ಲಿ ಮಕ್ಕಳು ನಗುತ್ತ ಹೋಗುತ್ತಿದ್ದರು. ಅವರಲ್ಲಿ ಯಾರ ಮನೆ ಈ ಪೆಟ್ಟಿಗೆಯೊಳಗೆ ಇದೆಯೋ ಗೊತ್ತಿರಲಿಲ್ಲ.

ಆಪ್ ಕೊಟ್ಟ ಕಂಪನಿಯ ಇಂಜಿನಿಯರಿಗೆ ಫೋನು ಮಾಡಿದೆ. ದಕ್ಷಿಣದ ಕಡೆಯ ಹುಡುಗ, ಮಾತು ಬಲು ನಯ.

“ಅದು ದೋಷ ಅಲ್ಲ ಮೇಡಂ, ಹಾಗೇ ಮಾಡಿರೋದು. ಸ್ಟೂಡೆಂಟ್ ಸಬ್ಮಿಟ್ ಒತ್ತೋವರೆಗೂ ಟೆಸ್ಟ್ ಮುಗಿದಿಲ್ಲ ಅಂತಾನೇ ಲೆಕ್ಕ. ನೆಟ್ ಕಟ್ ಮಾಡ್ಕೊಂಡು ಕಾಪಿ ಹೊಡೀಬಾರ್ದಲ್ವಾ?”

“ಹದಿಮೂರು ದಿನ ಆತ್ರಿ. ಹದಿಮೂರು ದಿನದಿಂದ ಮಂದಿ ಮನಿ ನೋಡಾಕತ್ತೈತಿ ನಿಮ್ಮ ಆಪ್. ಮುಚ್ಚಿದ್ರೂ ನಿಲ್ಲೂದಿಲ್ಲ ಅಂದ್ರ ಹ್ಯಾಂಗ?”

“ಹಿನ್ನೆಲೆಯಲ್ಲಿ ಓಡ್ತಾ ಇರುತ್ತೆ ಮೇಡಂ. ಫೋನ್ ಆಫ್ ಮಾಡಿ ಆನ್ ಮಾಡಿದ್ರೆ ನಿಂತುಹೋಗುತ್ತೆ. ಮುಂದಿನ ವರ್ಷನ್‌ನಲ್ಲಿ ಸರಿ ಮಾಡ್ತೀವಿ.”

ನಮ್ಮ ಕಡೆ ಫೋನು ಆಫ್ ಮಾಡುವವರು ಯಾರು? ನೆಟ್ ಹೋದ ಮಕ್ಕಳು ಉತ್ತರ ಕಳಿಸಲಾಗದೆ ಫೋನು ಕೆಳಗಿಟ್ಟಿದ್ದರು. ನೆಟ್ ಮರಳಿದಾಗ ಆಪ್ ತನ್ನ ಕೆಲಸವನ್ನು ಮುಂದುವರಿಸಿತ್ತು. ಟವರ್ ಚೆನ್ನಾಗಿದ್ದ ಊರಿನ ಮಕ್ಕಳಿಗೆ ಏನೂ ಆಗಿರಲಿಲ್ಲ. ಸಿಕ್ಕಿಬಿದ್ದವರೆಲ್ಲ ದೂರದ ಹಳ್ಳಿಯವರು, ಓಣಿಯ ಒಳಮನೆಗಳವರು.

ಸರ್ವರಿನಲ್ಲಿ ಚಿತ್ರ ತೆಗೆಯುವ ಸೌಲಭ್ಯವನ್ನೇ ನಿಲ್ಲಿಸಿದೆ. ಐದು ನಿಮಿಷ ಕಾದೆ. ಹೊಸ ಚಿತ್ರಗಳು ಬರುವುದು ನಿಂತಿತು. ಒಂದು ಲೋಟ ನೀರು ಕುಡಿದು, ಇದು ಯಂತ್ರದ ತಪ್ಪು, ಯಾರೂ ನೋಡಿಲ್ಲ, ನೋಡಿದವಳು ನಾನೊಬ್ಬಳೇ ಎಂದು ಮನಸ್ಸಿಗೆ ಹೇಳಿಕೊಂಡೆ. ಆದರೂ ರೂಢಿಯಂತೆ, ಯಾರು ಯಾವ ಫೈಲು ತೆರೆದರು ಎಂದು ಸರ್ವರ್ ತಾನೇ ಬರೆದಿಡುವ ದಾಖಲೆಯನ್ನು ತೆಗೆದೆ.

‘ಮೇಲ್ವಿಚಾರಕ’ ಖಾತೆಯಿಂದ ಯಾರೋ ಒಬ್ಬರು ಹತ್ತು ದಿನಗಳಿಂದ ಒಳಬರುತ್ತಿದ್ದರು. ಭಾನುವಾರ ಬಿಟ್ಟು ಪ್ರತಿದಿನ ನಾಲ್ಕೂಕಾಲರ ನಂತರ. ಕಾಲೇಜಿನ ವೈಫೈಯಿಂದಲೇ. ನಲವತ್ತೊಂದು ಫೋಲ್ಡರುಗಳನ್ನೂ ಮೊದಲ ದಿನ ಒಮ್ಮೆ ತೆರೆದು ನೋಡಿದ್ದರು. ಎರಡನೇ ದಿನದಿಂದ ಮೂರನ್ನು ಮಾತ್ರ. ಮೂವರೂ ಹುಡುಗಿಯರು. ಆ ಮೂರರಿಂದ ಚಿತ್ರಗಳನ್ನು ಇಳಿಸಿಕೊಂಡಿದ್ದರು ಕೂಡ.

ಮೂರು ರೋಲ್ ನಂಬರುಗಳಲ್ಲಿ ಒಂದು, ಹಸಿರು ಚುಕ್ಕಿಯ ಬಗ್ಗೆ ಕೇಳಿದ್ದ ಗುಳೇದಗುಡ್ಡದ ಹುಡುಗಿಯದು. ಅವಳ ಫೋಲ್ಡರಿನ ಚಿತ್ರಗಳು ಹಿಂದಿನ ಬುಧವಾರ ಥಟ್ಟನೆ ನಿಂತಿದ್ದವು. ಹಾಜರಿ ಪುಸ್ತಕ ತರಿಸಿ ನೋಡಿದೆ. ಗುರುವಾರದಿಂದ ಅವಳು ಕಾಲೇಜಿಗೆ ಬಂದಿರಲಿಲ್ಲ. ಫೋನು ಸ್ವಿಚ್ ಆಫ್.

ಪ್ರಾಚಾರ್ಯರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಂದಿನ ವಾರ ಕಾಲೇಜಿನ ಗುಣಮಟ್ಟ ಪರಿಶೀಲಿಸುವ ಸಮಿತಿ ಬರುವುದಿತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.

“ಎಲ್ಲಾ ಅಳಿಸಿಬಿಡ್ರಿ,” ಎಂದರು. “ಇವತ್ತ ಸಂಜಿಯೊಳಗ. ಒಂದೂ ಉಳೀಬಾರದು.”

“ಸರ್, ಅಳಿಸಿದ್ರ ಯಾರು ನೋಡ್ಯಾರ ಅನ್ನೂದಕ್ಕ ಸಾಕ್ಷಿನೂ ಹೋಗತೈತ್ರಿ.”

“ಸಾಕ್ಷಿ ತಗೊಂಡ ಏನ ಮಾಡ್ತೀರಿ? ಠಾಣೆ, ಪೇಪರು? ಹಿಂದ ನಾ ಇದ್ದ ಕಾಲೇಜಿನ್ಯಾಗ ಒಬ್ಬ ಹುಡುಗಿಗೆ ಯಾವನೋ ಚೀಟಿ ಬರದಿದ್ದ. ಅಷ್ಟಕ್ಕ ಆಕಿನ್ನ ಸಾಲಿ ಬಿಡಿಸಿ ತಿಂಗಳೊಪ್ಪತ್ತಿನ್ಯಾಗ ಲಗ್ನಾ ಮಾಡಿದ್ರು. ತಪ್ಪು ಮಾಡಿದಾಂವ ಪದವಿ ಮುಗಿಸಿ ಹ್ವಾದ. ಇಲ್ಲಿ ಮೂವರು ಅದಾರ. ಅವರ ಮನಿಯವರಿಗೆ ನೀವು ಹೋಗಿ ಹೇಳ್ತೀರೇನು, ನಿಮ್ಮ ಮಗಳ ಫೋಟೋ ಯಾರೋ ನೋಡ್ಯಾರ ಅಂತ?”

ಅವರು ಕಾಲೇಜಿನ ಮರ್ಯಾದೆಗಷ್ಟೇ ಹೆದರಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಹೇಳಿದ್ದು ಖರೆ ಇತ್ತು.

ಕೋಣೆಗೆ ಬಂದು ಸರ್ವರಿನ ಮುಂದೆ ಕೂತೆ. ಅಳಿಸುವ ಆಜ್ಞೆ ಒಂದೇ ಸಾಲಿನದು. ಟೈಪ್ ಮಾಡಿದೆ. ಎಂಟರ್ ಒತ್ತುವುದೊಂದೇ ಬಾಕಿ. ಒತ್ತಿದರೆ ನಲವತ್ತೊಂದು ಮನೆಗಳ ಚಿತ್ರಗಳು ಹೋಗುತ್ತವೆ, ಚೀಟಿ ಅಂಟಿಸಿದ ನನ್ನ ತಪ್ಪೂ ಅವುಗಳ ಜೊತೆಗೇ ಹೋಗುತ್ತದೆ. ಈ ಎರಡನೆಯದು ನನಗೆ ಎಷ್ಟು ಬೇಕಾಗಿತ್ತು ಎಂಬುದು ಆಗ ತಿಳಿಯಿತು. ಬೆರಳು ಕೀಲಿಯ ಮೇಲೆಯೇ ಇತ್ತು.

ಆದರೆ ಅಳಿಸಿದರೆ ಹೋಗುವುದು ನಮ್ಮ ಬಳಿಯ ಪ್ರತಿ ಮಾತ್ರ. ಇಳಿಸಿಕೊಂಡವನ ಬಳಿ ಅವು ಇದ್ದೇ ಇರುತ್ತವೆ. ಮೂವರು ಹುಡುಗಿಯರು ಅವನ ಕೈಯಲ್ಲಿ, ಅವನು ಯಾರೆಂದು ಹೇಳಬಲ್ಲ ಏಕೈಕ ಕಾಗದವನ್ನು ಸುಟ್ಟವಳು ನಾನು. ಟೈಪ್ ಮಾಡಿದ್ದನ್ನು ಒಂದೊಂದೇ ಅಕ್ಷರ ಹಿಂದಕ್ಕೆ ತೆಗೆದೆ.

ಮೊದಲು ಸರ್ವರಿನ ನೆಟ್ ವೈರನ್ನು ಕಿತ್ತೆ. ಪ್ರಯೋಗಾಲಯದಲ್ಲಿದ್ದ ಹೊಸ ಹಾರ್ಡ್ ಡಿಸ್ಕ್ ತಂದು ದಾಖಲೆ, ಚಿತ್ರ, ಎಲ್ಲದರ ಪ್ರತಿ ಮಾಡಲು ಹಚ್ಚಿದೆ. ಪ್ರತಿ ಮುಗಿದ ಮೇಲೆ ಅದರ ಹ್ಯಾಶ್ ತೆಗೆಯಬೇಕು. ಅದು ಫೈಲಿನ ಬೆರಳಚ್ಚು ಇದ್ದಂತೆ. ಒಂದು ಅಕ್ಷರ ಬದಲಾದರೂ ಅದು ಬದಲಾಗುತ್ತದೆ, ನಾಳೆ ಯಾರೂ ‘ಇದನ್ನು ತಿದ್ದಿದ್ದಾರೆ’ ಎನ್ನುವಂತಿಲ್ಲ. ಪ್ರತಿ ಆಗುತ್ತಿರುವಾಗ ವೈಫೈ ಯಂತ್ರದ ದಾಖಲೆ ತೆಗೆದೆ. ಪ್ರತಿ ಲ್ಯಾಪ್‌ಟಾಪಿಗೂ ಫೋನಿಗೂ ಹುಟ್ಟಿನಿಂದಲೇ ಬರುವ ಹನ್ನೆರಡು ಅಂಕಿ-ಅಕ್ಷರಗಳ ಗುರುತೊಂದು ಇರುತ್ತದೆ. ಸಿಬ್ಬಂದಿಗೆ ವೈಫೈ ಕೊಡುವಾಗ ಆ ಗುರುತನ್ನು ನಾನು ಒಂದು ರಿಜಿಸ್ಟರಿನಲ್ಲಿ ಬರೆದುಕೊಂಡು ಸಹಿ ಹಾಕಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು, “ಮೇಡಮ್ಮಾರು ರೇಶನ್ ಕಾರ್ಡ್ ಮಾಡಾಕತ್ತಾರ” ಎಂದು.

ನಾಲ್ಕೂಕಾಲರ ನಂತರ ಸರ್ವರಿಗೆ ಬಂದ ಯಂತ್ರದ ಗುರುತನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ರಿಜಿಸ್ಟರನ್ನು ತೊಡೆಯ ಮೇಲಿಟ್ಟು, ಸಾಲಿನಿಂದ ಸಾಲಿಗೆ ಬೆರಳು ಇಳಿಸುತ್ತ ಹೋದೆ. ಮೂರನೇ ಪುಟದಲ್ಲಿ ಬೆರಳು ನಿಂತಿತು.

ಪರೀಕ್ಷಾ ವಿಭಾಗದ ಸಹಾಯಕ. ಪಕ್ಕದ ಕೋಣೆಯವನು. ನನಗಿಂತ ಐದಾರು ವರ್ಷ ಚಿಕ್ಕವನು, ನನ್ನನ್ನು ಅಕ್ಕಾರ ಎಂದೇ ಕರೆಯುವವನು. ಆರು ವರ್ಷಗಳಿಂದ ಮಧ್ಯಾಹ್ನದ ಬುತ್ತಿಯನ್ನು ಇಬ್ಬರೂ ಒಂದೇ ಮೇಜಿನ ಮೇಲೆ ಬಿಚ್ಚುತ್ತಿದ್ದೆವು. ಅವನ ಮನೆಯ ಸಜ್ಜಿ ರೊಟ್ಟಿ ನನಗೆ, ನನ್ನ ಮನೆಯ ಶೇಂಗಾ ಚಟ್ನಿ ಅವನಿಗೆ. ನಾನು ಹುನಗುಂದದಿಂದ ಓಡಾಡುವವಳು. ಸಂಜೆಯ ಬಸ್ಸು ನಾಲ್ಕೂಹತ್ತಕ್ಕೆ. ಕೆಲಸದಲ್ಲಿ ಹೊತ್ತು ಮರೆತಾಗ “ಅಕ್ಕಾರ, ಬಸ್ಸಿನ ಟೈಮ್ ಆತು, ನಡ್ರಿ ನಡ್ರಿ” ಎಂದು ಎಬ್ಬಿಸುತ್ತಿದ್ದವನು ಅವನೇ. ಇತ್ತೀಚೆಗೆ ಒಂದು ದಿನವೂ ತಪ್ಪದೆ.

ಗುರುತನ್ನು ಚೀಟಿಯೊಂದಿಗೆ ಇನ್ನೊಮ್ಮೆ ಹೋಲಿಸಿ ನೋಡಿದೆ. ಅಷ್ಟರಲ್ಲಿ ಬಾಗಿಲು ತೆರೆಯಿತು.

“ಅಕ್ಕಾರ, ಸರ್ವರ್ ಯಾಕ ಬಂದ್ ಐತಿ?”

ಅವನು ಚೌಕಟ್ಟಿಗೆ ಕೈಯಾನಿಸಿ ನಿಂತಿದ್ದ. ಎಂದಿನ ಮುಖ, ಎಂದಿನ ನಗು. ರಿಜಿಸ್ಟರಿನ ಮೇಲೆ ಸೆರಗು ಎಳೆದುಕೊಂಡೆ.

“ಡಿಸ್ಕ್ ತುಂಬೈತಿ. ರಿಪೇರಿ ನಡಸೇನಿ.”

“ಹಳೇ ಫೋಟೋ ತುಂಬಿರಬೇಕು ನೋಡ್ರಿ. ಎಲ್ಲಾ ಅಳಿಸಿಬಿಟ್ರ ಹಗರ ಆಗತೈತಿ. ನಾ ಮಾಡ್ಲೇನು? ನೀವು ಬಸ್ಸಿಗೆ ನಡ್ರಿ.”

“ಬ್ಯಾಡ. ನಾ ಮಾಡ್ತೇನಿ.”

ಅವನ ಕಣ್ಣು ಮೇಜಿನ ಮೇಲಿದ್ದ ಹೊಸ ಹಾರ್ಡ್ ಡಿಸ್ಕಿನ ಕಡೆ ಹೋಯಿತು. ಅದರ ನೀಲಿ ದೀಪ ಮಿನುಗುತ್ತಿತ್ತು. ಅವನು ಕೆಲಸ ತಿಳಿದವನು. ಆ ದೀಪ ಮಿನುಗುತ್ತಿದ್ದರೆ ಏನು ನಡೆದಿದೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

“ಪ್ರತಿ ಮಾಡಾಕತ್ತೀರೇನು?” ಎಂದ. ಈ ಸಲ ನಗು ಇರಲಿಲ್ಲ.

“ಪ್ರಾಚಾರ್ಯರು ಹೇಳ್ಯಾರ,” ಎಂದು ಸುಳ್ಳು ಹೇಳಿದೆ.

ಅವನು ಒಂದು ಹೆಜ್ಜೆ ಒಳಗೆ ಬಂದ. ಆ ಕೋಣೆಗೆ ಇರುವುದು ಒಂದೇ ಬಾಗಿಲು, ಅದು ಅವನ ಬೆನ್ನ ಹಿಂದೆ ಇತ್ತು. ಹೊರಗೆ ಎಲ್ಲೋ ಕೊನೆಯ ಗಂಟೆ ಬಾರಿಸಿತು, ಮಕ್ಕಳು ದಡದಡನೆ ಮೆಟ್ಟಿಲಿಳಿಯತೊಡಗಿದರು. ಗ್ರಂಥಪಾಲಕರು ಯಾರಿಗೋ ಜೋರಾಗಿ ಬೈಯುವುದು ಕೇಳಿಸಿತು. ಅವನು ಅದನ್ನು ಕೇಳಿಸಿಕೊಂಡ, ನನ್ನನ್ನು ನೋಡಿದ.

“ಆತ್ರಿ ಅಕ್ಕಾರ. ಸಾವಕಾಶ ಮಾಡ್ರಿ,” ಎಂದು ಹೊರಟುಹೋದ.

ಪ್ರತಿ ಮುಗಿಯುವವರೆಗೆ ನಾನು ಕುರ್ಚಿ ಬಿಟ್ಟೇಳಲಿಲ್ಲ. ಹ್ಯಾಶ್ ಬರೆದುಕೊಂಡೆ. ಡಿಸ್ಕನ್ನೂ ರಿಜಿಸ್ಟರನ್ನೂ ಬುತ್ತಿಯ ಚೀಲದಲ್ಲಿ, ಖಾಲಿ ಡಬ್ಬಿಯ ಕೆಳಗೆ ಇಟ್ಟುಕೊಂಡು, ಕೋಣೆಗೆ ನನ್ನ ಸ್ವಂತ ಬೀಗವನ್ನೂ ಹಾಕಿ, ಐದೂವರೆಯ ಬಸ್ಸು ಹಿಡಿದೆ. ಹುನಗುಂದ ಬರುವವರೆಗೂ ಚೀಲವನ್ನು ಎರಡು ಕೈಯಿಂದ ಅಪ್ಪಿ ಹಿಡಿದಿದ್ದೆ.

ಮರುದಿನ ಕಾಲೇಜಿಗೆ ಹೋಗಲಿಲ್ಲ. ಅಮೀನಗಡದಲ್ಲಿ ಬಸ್ಸು ಬದಲಿಸಿ ಗುಳೇದಗುಡ್ಡಕ್ಕೆ ಹೋದೆ. ಪೊಲೀಸರ ಹತ್ತಿರ ಮೊದಲು ಹೋಗಬಹುದಿತ್ತು. ಆದರೆ ಆ ಹುಡುಗಿಗೆ ತಿಳಿಯದಂತೆ ಅವಳ ಚಿತ್ರಗಳನ್ನು ಇನ್ನೊಬ್ಬ ಅಪರಿಚಿತನ ಕೈಗೆ ಕೊಡುವುದು ಹೇಗೆ?

ಓಣಿಯಲ್ಲಿ ಮನೆಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಅವಳ ಮನೆಯ ಪಡಸಾಲೆಯಲ್ಲಿ ಅಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಖಣ ನೇಯುತ್ತಿದ್ದರು. ಕಾಲೇಜಿನಿಂದ ಬಂದೆನೆಂದಾಗ “ಬರ್ರಿ, ಕುಂದರ್ರಿ” ಎಂದರು. “ಮೈಯಾಗ ಆರಾಮಿಲ್ಲ ಅಂತಾಳ್ರಿ. ದವಾಖಾನಿಗೆ ನಡಿ ಅಂದ್ರ ಬರವಲ್ಲಳು.” ಹುಡುಗಿ ಒಳಬಾಗಿಲಿಗೆ ಬಂದು ನನ್ನನ್ನು ನೋಡಿದಳು. ಒಂದು ವಾರದಲ್ಲಿ ಮುಖ ಬತ್ತಿಹೋಗಿತ್ತು.

ಒಳಕೋಣೆಯಲ್ಲಿ ಅವಳಿಗೆ ಹೇಳಿದೆ. “ಅವತ್ತ ನೀ ಕೇಳಿದ್ದು ಖರೆ ಇತ್ತವಾ. ಕ್ಯಾಮೆರಾ ನೋಡಾಕತ್ತಿತ್ತು. ನಾ ನೀ ಹೇಳಿದ್ದನ್ನ ಕೇಳಲಿಲ್ಲ.”

ಅವಳು ಅಳಲಿಲ್ಲ. ಟ್ರಂಕಿನ ತಳದಿಂದ, ಬಟ್ಟೆಗಳ ಅಡಿಯಿಂದ ಫೋನು ತೆಗೆದು ಚಾಲೂ ಮಾಡಿ ನನ್ನ ಕೈಗಿಟ್ಟಳು. ಗುರುತಿಲ್ಲದ ನಂಬರಿನಿಂದ ಒಂದು ಚಿತ್ರ. ಇದೇ ಕೋಣೆ. ಇದೇ ಕಿಟಕಿ. ಅವಳು ನೆಲದ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಾಳೆ. ಕೆಳಗೆ ಬರೆದಿತ್ತು: ‘ಕೂದಲ ಬಿಚ್ಚಿದ್ರ ಚಂದ ಕಾಣ್ತಿ.’ ಅದರ ಕೆಳಗೆ, ಎರಡು ತಾಸಿನ ನಂತರ: ‘ಇನ್ನೂ ಭಾಳ ಅದಾವ. ಯಾರಿಗೂ ಹೇಳಬ್ಯಾಡ.’

“ಕಿಡಕ್ಯಾಗ ಯಾರರೆ ನಿಂತಿದ್ರೇನೋ ಅಂತ ಹೊರಗ ಹೋಗಿ ನೋಡಿ ಬಂದೇನ್ರಿ,” ಎಂದಳು. “ಮಾಳಗಿ ಮ್ಯಾಲ ಹತ್ತಿ ನೋಡೇನಿ. ಯಾರೂ ಇರಲಿಲ್ಲ. ಆಮ್ಯಾಲ ಮನ್ಯಾಗಿನವರ ಮ್ಯಾಲನ ಸಂಶೇ ಬರಾಕತ್ತು, ಮೇಡಂ. ನಮ್ಮ ಕಾಕಾನ ಮ್ಯಾಲ. ಸುಳ್ಳ ಹೇಳೂದಿಲ್ಲ, ನಮ್ಮಪ್ಪನ ಮ್ಯಾಲೂ ಬಂತು.”

ಮಗ್ಗದ ಸದ್ದು ನಿಂತಿತ್ತು. ಅಪ್ಪ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಕೇಳಿಸಿಕೊಂಡರೋ.

“ನಮ್ಮ ಮನ್ಯಾಗಿನ ಫೋಟೋ ತಗದವ್ರು ಯಾರು?”

“ನಮ್ಮ ಕಾಲೇಜಿನ ಯಂತ್ರ ತಗದೈತ್ರಿ. ಅದನ್ನ ಕೂಡಿಸಿದಾಕಿ ನಾನು. ಕಳುವು ಮಾಡಿದಾಂವ ಬ್ಯಾರೆ ಅದಾನ, ಇನ್ನಿಬ್ಬರು ಹುಡುಗ್ಯಾರವೂ ಕಳುವು ಮಾಡ್ಯಾನ. ಅವಾ ಯಾರಂತ ನನಗ ಗೊತ್ತೈತಿ. ಕಾಗದಾನೂ ನನ್ನ ಹತ್ರ ಅದಾವ.”

ಅವರು ಮಗಳ ಕಡೆ ತಿರುಗಿದರು. “ಒಂದು ವಾರ ಆತು. ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ಕಾಲೇಜ ಬಿಡಸ್ತಿದ್ದಿ, ಅಪ್ಪಾ.”

ಅವರು ಇಲ್ಲ ಎನ್ನಲಿಲ್ಲ. ನನಗೆ ಪ್ರಾಚಾರ್ಯರ ಮಾತು ನೆನಪಾಯಿತು. ಹುಡುಗಿಯೇ ಮಾತಾಡಿದಳು.

“ಮೇಡಂ, ಠಾಣೆಗೆ ನಾ ಬರ್ತೇನ್ರಿ. ನನ್ನ ಫೋನ್ ನಾನ ಕೊಡತೇನಿ. ಉಳಿದ ಇಬ್ಬರು ಯಾರಂತ ನನಗ ಹೇಳಬ್ಯಾಡ್ರಿ, ಆದ್ರ ಅವರಿಗೆ ನನ್ನ ಹೆಸರ ಹೇಳ್ರಿ. ಒಬ್ಬಾಕಿ ಹೋಗ್ಯಾಳ ಅಂತ ಗೊತ್ತಾಗ್ಲಿ.”

ಅಪ್ಪ ಗೋಡೆಯ ಗೂಟದಿಂದ ಅಂಗಿ ತೆಗೆದು ಹಾಕಿಕೊಳ್ಳತೊಡಗಿದರು. ಗುಂಡಿಗಳನ್ನು ತಪ್ಪು ತಪ್ಪಾಗಿ ಹಾಕಿ, ಬಿಚ್ಚಿ, ಮತ್ತೆ ಹಾಕಿಕೊಂಡರು. “ನಡ್ರಿ,” ಎಂದರು.

ಬಸ್ಸಿನಿಂದ ಪ್ರಾಚಾರ್ಯರಿಗೆ ಫೋನು ಮಾಡಿದೆ. ಅಳಿಸಿಲ್ಲ, ಪ್ರತಿ ಮಾಡಿದ್ದೇನೆ, ಬಾಗಲಕೋಟೆಯ ಸೈಬರ್ ಠಾಣೆಗೆ ಹೋಗುತ್ತಿದ್ದೇನೆ, ಹುಡುಗಿಯೂ ಅವಳ ಅಪ್ಪನೂ ಜೊತೆಗಿದ್ದಾರೆ ಎಂದು ಹೇಳಿದೆ. “ಅಪ್ಪನೂ ಬಂದಾನ?” ಎಂದು ಒಂದೇ ಮಾತು ಕೇಳಿ ಫೋನು ಇಟ್ಟರು. ಕೆಲಸ ಹೋಯಿತು ಎಂದುಕೊಂಡೆ.

ಠಾಣೆಯಲ್ಲಿ ನನ್ನ ಹೇಳಿಕೆ ಬರೆಸಲು ಮೂರು ತಾಸು ಹಿಡಿಯಿತು. ಹಾರ್ಡ್ ಡಿಸ್ಕ್, ಹ್ಯಾಶ್, ರಿಜಿಸ್ಟರಿನ ಮೂರನೇ ಪುಟ, ಹುಡುಗಿಯ ಫೋನು, ಒಂದೊಂದಕ್ಕೂ ಲಕೋಟೆ, ಅರಗಿನ ಮೊಹರು. “ಈ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತಿತ್ತು?” ಎಂದು ಅಧಿಕಾರಿ ಕೇಳಿದರು. “ಕಪಾಟಿನ ಬಾಗಲ ತಗದವರಿಗೆಲ್ಲಾ,” ಎಂದೆ. “ಅಂಟಿಸಿದವ್ರು?” “ನಾನ.” ಅವರು ತಲೆ ಎತ್ತದೆ ಅದನ್ನೂ ಬರೆದುಕೊಂಡರು. ಅಷ್ಟರಲ್ಲಿ ಪ್ರಾಚಾರ್ಯರು ಒಳಗೆ ಬಂದರು. ಕೈಯಲ್ಲಿ ಕಾಲೇಜಿನ ಮೊಹರಿನ ಡಬ್ಬಿ. ನನ್ನ ಕಡೆ ನೋಡದೆ, ದೂರಿನ ಕೆಳಗೆ ನನ್ನ ಸಹಿಯ ಪಕ್ಕದಲ್ಲಿ ತಮ್ಮ ಸಹಿ ಹಾಕಿ ಮೊಹರು ಒತ್ತಿದರು.

ಮರುದಿನ ಹನ್ನೊಂದಕ್ಕೆ ಪೊಲೀಸರು ಕಾಲೇಜಿಗೆ ಬಂದರು. ಅವನು ಎಂದಿನಂತೆ ಕೆಲಸಕ್ಕೆ ಬಂದಿದ್ದ. ಲ್ಯಾಪ್‌ಟಾಪಿನಲ್ಲಿ ಏನೂ ಸಿಗಲಿಲ್ಲ, ಎಲ್ಲ ಅಳಿಸಿದ್ದ. ಆಮೇಲೆ ಅವನ ಮೇಜಿನ ಖಾನೆಯಲ್ಲಿ, ಉತ್ತರಪತ್ರಿಕೆಗೆ ಹಚ್ಚುವ ಅರಗಿನ ಕಡ್ಡಿಗಳ ನಡುವೆ, ಉಗುರಿನಷ್ಟು ಚಿಕ್ಕ ಮೆಮೊರಿ ಕಾರ್ಡ್ ಸಿಕ್ಕಿತು. ಪಂಚರ ಎದುರಿಗೆ ತೆರೆದರು. ಮೂರು ಫೋಲ್ಡರುಗಳಿಗೂ ರೋಲ್ ನಂಬರಿನ ಬದಲು ಹುಡುಗಿಯರ ಹೆಸರುಗಳನ್ನೇ ಇಟ್ಟಿದ್ದ. ಜೀಪಿನ ಕಡೆ ನಡೆಸಿಕೊಂಡು ಹೋಗುವಾಗ ಅವನು ನನ್ನ ಬಾಗಿಲ ಮುಂದೆ ಒಂದು ಗಳಿಗೆ ನಿಂತ.

“ನನಗೊಂದು ಮಾತ ಹೇಳಬೇಕಿತ್ರಿ ಅಕ್ಕಾರ. ನಾವ ನಾವ ಬಗಿಹರಿಸಕೊಂತಿದ್ವಿ.”

ನಾನು ಬಾಗಿಲು ಮುಚ್ಚಿದೆ.

ಮುಂದಿನ ಶನಿವಾರ ನಲವತ್ತೊಂದು ಮನೆಗಳವರನ್ನೂ ಸಭಾಭವನಕ್ಕೆ ಕರೆಸಿದೆವು. ಆಪ್ ತೆಗೆದುಹಾಕಿ ಟೆಸ್ಟುಗಳನ್ನು ಮತ್ತೆ ಕಾಗದಕ್ಕೆ ತಂದಿದ್ದೆವು. ಗುಳೇದಗುಡ್ಡದ ಹುಡುಗಿ ತರಗತಿಗೆ ಬರತೊಡಗಿದ್ದಳು, ಅಂದು ಅಪ್ಪನ ಪಕ್ಕದಲ್ಲಿ ಮೊದಲ ಸಾಲಿನಲ್ಲೇ ಕೂತಿದ್ದಳು. ಉಳಿದ ಇಬ್ಬರಲ್ಲಿ ಒಬ್ಬಳು ದೂರು ಕೊಟ್ಟಳು. ಇನ್ನೊಬ್ಬಳ ಮನೆಯಿಂದ ಯಾರೂ ಬರಲಿಲ್ಲ. ಅವಳ ಅಣ್ಣ ಹಿಂದಿನ ದಿನವೇ ಬಂದು ವರ್ಗಾವಣೆ ಪತ್ರ ಒಯ್ದಿದ್ದ.

ಏನು ಆಯಿತು, ಹೇಗಾಯಿತು, ನನ್ನಿಂದ ಏನು ತಪ್ಪಿತು, ಎಲ್ಲವನ್ನೂ ನಿಂತುಕೊಂಡು ಹೇಳಿದೆ. ಕೆಲವರು ಬೈದರು. ಕೆಲವರು ಪೂರ್ತಿ ತಿಳಿಯದೆ ಮಕ್ಕಳ ಮುಖ ನೋಡಿದರು. ಹಿಂದಿನ ಸಾಲಿನಿಂದ ಬೇವೂರಿನ ಒಬ್ಬ ಹೆಂಗಸು ಎದ್ದು ನಿಂತರು. ಕುರಿ ಸಾಕುವ ಮನೆಯವರು, ಹಣೆಯ ಮೇಲೆ ಬೀರಪ್ಪನ ಭಂಡಾರದ ಅರಿಸಿನ. ಅವರ ಮಗ ನಮ್ಮಲ್ಲಿ ಬಿ.ಎ. ಓದುತ್ತಿದ್ದ.

“ಕಳ್ಳ ನೋಡ್ಯಾನ ಅಂದ್ರಿ. ನೀವೂ ನೋಡೀರೇನು?”

ಪ್ರಾಚಾರ್ಯರು ಏನೋ ಹೇಳಲು ಮುಂದಾದರು. ನಾನು ಕೈ ಎತ್ತಿ ತಡೆದೆ.

“ನೋಡೇನ್ರಿ. ಏನಾಗೈತಿ ಅಂತ ತಿಳೀಬೇಕಾಗಿತ್ತು. ನಾಕೈದು ಮನಿ ನೋಡಿದ್ರ ಸಾಕಿತ್ತು. ನಾ ನಲವತ್ತೊಂದೂ ತಗದು ನೋಡೇನಿ.”

“ನಮ್ಮ ಮನ್ಯಾಗ ಏನ ಕಂಡ್ರಿ?”

ಆ ಚಿತ್ರ ನನಗೆ ಚೆನ್ನಾಗಿ ನೆನಪಿತ್ತು. ಫೋನನ್ನು ಗೋಡೆಯ ಗೂಡಿನಲ್ಲಿ ಇಟ್ಟಿರಬೇಕು. ಸುಳ್ಳು ಹೇಳಬಹುದಿತ್ತು, ತೊಲೆ ಕಂಡಿತು ಎನ್ನಬಹುದಿತ್ತು.

“ವಯಸ್ಸಾದ ಒಬ್ಬ ಅಮ್ಮಾರು ಕಂಬಳಿ ಮ್ಯಾಲ ಮಲಗಿದ್ರು. ನೀವು ಅವರ ಮೈ ಒರಸಾಕತ್ತಿದ್ರಿ.”

ಅವರ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಅದನ್ನು ತಮ್ಮ ಎದೆಯ ಮೇಲೆ ಎಳೆದುಕೊಂಡರು, ತಮಗಲ್ಲ, ಬೇರೆ ಯಾರಿಗೋ ಹೊದಿಸುವವರಂತೆ.

“ನಮ್ಮ ಅತ್ತಿ,” ಎಂದರು. “ಹೆತ್ತ ಮಗನ ಮುಂದ ಸೈತ ತಲಿ ಮ್ಯಾಲಿನ ಸೆರಗ ತಗದಾಕಿ ಅಲ್ಲ. ಅದನ್ನ ಈಗ, ನನ್ನ ಕಣ್ಣ ಮುಂದ ಅಳಿಸ್ರಿ.”

“ಅಳಿಸಾಕ ಬರೂದಿಲ್ರಿ ಅವ್ವಾ. ಸರ್ವರ್, ಡಿಸ್ಕ್ ಎರಡನ್ನೂ ಪೊಲೀಸರು ಮೊಹರು ಹಾಕಿ ಒಯ್ದಾರ. ಕೇಸ್ ಮುಗಿಯೂತನಕ ಅದು ಕೋರ್ಟಿನ ಸಾಕ್ಷಿ. ಯಾರೂ ಮುಟ್ಟಂಗಿಲ್ಲ.”

“ಯಾವಾಗ ಮುಗೀತೈತಿ?”

“ಗೊತ್ತಿಲ್ರಿ. ವರ್ಷಗಟ್ಲೆ ಆಗಬಹುದು.”

ಅವರು ನನ್ನನ್ನೇ ನೋಡುತ್ತ ನಿಂತರು. ಮುಖದಲ್ಲಿ ಸಿಟ್ಟು ಇರಲಿಲ್ಲ. ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಹುಡುಕುವವರ ಹಾಗಿತ್ತು.

“ಹಂಗಾರ ನಮ್ಮ ಮನಿ ಇನ್ನೂ ಅದರಾಗ ಐತಿ.”

“ಹೌದ್ರಿ ಅವ್ವಾ,” ಎಂದೆ. “ಐತಿ.”